ರನ್ ಕೊಟ್ಟು ಬಹುಮಾನ ತರಲಿಲ್ಲ, ಕಾರ್ಡೇ ಉಳಿಸಿಕೊಂಡೆ

ನಮ್ಮ ಓಣಿಯಲ್ಲಿ ಕ್ರಿಕೆಟ್ ಹುಚ್ಚು ಹತ್ತಿದ್ದು 1987ರ ರಿಲಯನ್ಸ್ ವಿಶ್ವಕಪ್‌ನಿಂದ. ನಾಗಪುರದಲ್ಲಿ ನ್ಯೂಜಿಲೆಂಡ್ ವಿರುದ್ಧ ಚೇತನ್ ಶರ್ಮಾ ಹ್ಯಾಟ್ರಿಕ್ ತೆಗೆದರು, ಮೂರೂ ಬೌಲ್ಡ್. ಅದೇ ಮ್ಯಾಚಿನಲ್ಲಿ ಗವಾಸ್ಕರ್ ತಮ್ಮ ಒಂದೇ ಒಂದು ಏಕದಿನ ಶತಕ ಹೊಡೆದರು. ಆ ಕಾಲಕ್ಕೆ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟಿಗರ ಕಾರ್ಡು ಬರುತ್ತಿತ್ತು. ಗುಲ್ಬರ್ಗಾದ ಕಿರಾಣಿ ಅಂಗಡಿಗಳ ಮುಂದೆ ನಮ್ಮಂಥ ಹುಡುಗರದ್ದೇ ಗದ್ದಲ. ಗಮ್ ಬೇಗ ಸಪ್ಪೆಯಾಗುತ್ತಿತ್ತು. ನಮಗೆ ಬೇಕಾಗಿದ್ದದ್ದು ಕಾರ್ಡು.

ಕಾರ್ಡಿನ ಮೇಲೆ ರನ್ ಇಲ್ಲವೇ ವಿಕೆಟ್ ಬರೆದಿರುತ್ತಿತ್ತು. ಅವನ್ನು ಕೂಡಿಸಿ ಅಂಗಡಿಗೆ ಒಯ್ದು ಕೊಟ್ಟರೆ ಬಹುಮಾನ. ಹುಡುಗರೆಲ್ಲ ಕೊಟ್ಟು ಬರುತ್ತಿದ್ದರು. ನನಗೆ ಮನಸ್ಸಾಗಲಿಲ್ಲ. "ಏನ್ ಮಾಡ್ತಿ ತಮ್ಮಾ ಈ ಕಾಗದ ಇಟ್ಕೊಂಡು? ಕೊಡು ಇಲ್ಲಿ" ಎಂದು ಅಂಗಡಿ ಕಾಕಾ ಎಷ್ಟು ಸಲ ಕೇಳಿದರೂ ನಾನು ಡಬಲ್ ಬಂದವನ್ನಷ್ಟೇ ಕೊಟ್ಟೆ. ಇವತ್ತು ಆ ಕಾರ್ಡುಗಳು ಅಪರೂಪ ಆಗಿರುವುದಕ್ಕೆ ಹುಡುಗರು ಹೀಗೆ ಕೊಟ್ಟುಬಿಟ್ಟಿದ್ದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಜಾಸ್ತಿ ರನ್ನಿನ ಕಾರ್ಡೇ ಮೊದಲು ಮನೆ ಬಿಟ್ಟು ಹೋಗುತ್ತಿತ್ತು.

ಅಮೆರಿಕದ್ದು ಬೇರೆ ಕಥೆ. ಟಾಪ್ಸ್ ಕಂಪನಿಯ 1952ರ ಬೇಸ್‌ಬಾಲ್ ಕಾರ್ಡುಗಳಲ್ಲಿ ಮಾರಾಟವಾಗದೆ ಉಳಿದವನ್ನು ಸಮುದ್ರಕ್ಕೆ ಸುರಿಸಿದ್ದಾಗಿ, ಅವನ್ನು ರೂಪಿಸಿದ ಸೈ ಬರ್ಜರ್ ಅವರೇ ಹೇಳಿದ್ದರು. ಅದೇ ಸರಣಿಯ, ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಅವರ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು! ನಮ್ಮ ಕಾರ್ಡಿಗೆ ಅಂಥ ಬೆಲೆ ಇಲ್ಲ, ಬೇಕಾಗಿಯೂ ಇಲ್ಲ.

ಅದಲುಬದಲಿನಲ್ಲೇ ನನ್ನ ಸಂಗ್ರಹ ಬೆಳೆಯಿತು. ಮಧ್ಯಾಹ್ನ ಮನೆ ಮುಂದಿನ ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ ಎಲ್ಲರೂ ಡಬಲ್ ಹರಡಿಕೊಂಡು ಕೂರುತ್ತಿದ್ದೆವು. ಕಪಿಲ್ ದೇವ್, ವಿವಿಯನ್ ರಿಚರ್ಡ್ಸ್ ಕೊಡಲು ಯಾರೂ ಒಪ್ಪುತ್ತಿರಲಿಲ್ಲ. ನಾನು ಒಂದು ಉಪಾಯ ಹಿಡಿದೆ. ಬಹುಮಾನಕ್ಕೆ ಕೆಲವೇ ರನ್ ಕಡಿಮೆ ಇರುವ ಹುಡುಗನನ್ನು ಹುಡುಕುವುದು. ಅವನಿಗೆ ಬೇಕಾಗಿದ್ದು ರನ್, ನನಗೆ ಬೇಕಾಗಿದ್ದು ಮುಖ. ದೊಡ್ಡ ರನ್ನಿನ ಡಬಲ್ ಕೊಟ್ಟು ಅವನಲ್ಲಿದ್ದ ಒಂದು ರನ್ನಿನ ಹೊಸ ಕಾರ್ಡು ತೆಗೆದುಕೊಳ್ಳುತ್ತಿದ್ದೆ. ಇಬ್ಬರಿಗೂ ಖುಷಿ, ಜಗಳದ ಮಾತೇ ಇಲ್ಲ.

ಕೂಡಿಸುವುದಕ್ಕಿಂತ ಕಾಪಾಡುವುದು ಕಷ್ಟ, ಅದರಲ್ಲೂ ನಮ್ಮ ಊರಲ್ಲಿ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ರಬ್ಬರ್ ಬ್ಯಾಂಡ್ ಹಾಕಿದರೆ ಕರಗಿ ಕಾರ್ಡಿಗೇ ಅಂಟುತ್ತದೆ. ಅಗ್ಗದ ಮೆತ್ತನೆ ಪಿವಿಸಿ ಹಾಳೆಗಳೂ ಹಾಗೆಯೇ, ಸೆಕೆಗೆ ಬಣ್ಣವನ್ನೇ ಹಿಡಿದುಕೊಳ್ಳುತ್ತವೆ. ನಾನು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಜೇಬಿನ ಹಾಳೆ ಬಳಸುತ್ತೇನೆ. ನೋಟ್‌ಬುಕ್ಕಿಗೆ ಅಂಟಿಸಲೇಬಾರದು, ಹಿಂಬದಿಯ ರನ್ನೂ ಅಕ್ಷರವೂ ಹೋದರೆ ಅರ್ಧ ಕಾರ್ಡು ಹೋದ ಹಾಗೆ ಅಲ್ವಾ? ಗಮ್ಮಿನ ಸಕ್ಕರೆ ಪುಡಿ ಅಂಟಿದ್ದರೆ ಇರುವೆ ಬರುತ್ತವೆ. ಒಣ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒದ್ದೆ ಬಟ್ಟೆ ಬೇಡವೇ ಬೇಡ. ಗಮ್ಮಿನ ಕಲೆ ಇದ್ದರೆ ಅದನ್ನು ಹಾಗೇ ಬಿಡಿ, ಕೆರೆಯಲು ಹೋದರೆ ಮೇಲಿನ ಪದರ ಏಳುತ್ತದೆ.

ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ ಇಡಬೇಡಿ. ನಮ್ಮ ಮನೆಯಲ್ಲಿ ಅವ್ವನ ಟ್ರಂಕು ತಂಪಾದ ಒಳಕೋಣೆಯಲ್ಲಿತ್ತು, ಕಾರ್ಡೂ ಅಲ್ಲೇ. ಮಳೆಗಾಲಕ್ಕೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತೇನೆ.

ಈಗ ಹಳೆಯದೆಂದು ಹೇಳಿ ಹೊಸ ಪ್ರಿಂಟು ಮಾರುವವರೂ ಇದ್ದಾರೆ. ಕೊಳ್ಳುವ ಮುಂಚೆ ನಿಮ್ಮಲ್ಲಿರುವ ನಿಜವಾದ ಕಾರ್ಡಿನ ಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿ. ಹಳೇ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕಿಗಳು ಸಾಲಾಗಿ ಕಾಣುತ್ತವೆ. ಮನೆ ಪ್ರಿಂಟರಿನಲ್ಲಿ ಅವು ಚೆಲ್ಲಾಪಿಲ್ಲಿ. ಕಾಗದದ ದಪ್ಪವನ್ನೂ ಬೆರಳಲ್ಲಿ ಹೋಲಿಸಿ ನೋಡಿ. ನಾನಂತೂ ಇವತ್ತಿಗೂ ದುಡ್ಡು ಕೊಡುವುದಕ್ಕಿಂತ ಡಬಲ್ ಕೊಟ್ಟು ತರುವುದನ್ನೇ ಇಷ್ಟಪಡುತ್ತೇನೆ.