ಅಡಿಕೆ ಬ್ಲಾಗಿಗೆ ಓದೋರನ್ನ ಸೇರಿಸಿದ್ದು ಹೇಗೆ: ನನ್ನ ಅನುಭವ

ನಮ್ಮದು ಶಿರಸಿ ಕಡೆ, ಅಡಿಕೆ ತೋಟದ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೀತೀನಿ. ಗೂಗಲ್‌ನೋರ ಬ್ಲಾಗರ್‌ನಲ್ಲೇ ಶುರು ಮಾಡಿದ್ದು, ಈಗಲೂ ಅಲ್ಲೇ ಇದೀನಿ, ದುಡ್ಡು ಕೊಡೋದೂ ಬೇಡ, ತೋಟದಲ್ಲಿ ನಿಂತು ಮೊಬೈಲಲ್ಲೇ ಹಾಕ್ಬಹುದು. ಓದೋರು ಇಷ್ಟು ಜನ ಹೇಗೆ ಬಂದ್ರು ಅಂತ ಸುಮಾರು ಜನ ಕೇಳ್ತಿರ್ತಾರೆ, ಅದಕ್ಕೆ ಬರೀತಿದೀನಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಟೈಮಿಂಗು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯೋದು ಮಳೆ ಹಿಡಿಯೋ ಮುಂಚೆ, ಆಮೇಲೆ 40-45 ದಿನಕ್ಕೆ ಇನ್ನೊಂದ್ಸಲ, ಜನ ಗೂಗಲ್ಲಲ್ಲಿ ಹುಡುಕೋದೂ ಆಗ್ಲೇ, ಹಂಗಾಗಿ ಮೇ ಮಧ್ಯದೊಳಗೆ ಆ ಲೇಖನ ರೆಡಿ ಇರ್ಬೇಕು. ಪ್ರತಿ ವರ್ಷ ಹೊಸದು ಬರೆಯಲ್ಲ, ಹಳೇದನ್ನೇ ತಿದ್ದಿ ಹೊಸ ಫೋಟೋ ಹಾಕ್ತೀನಿ, ಲಿಂಕ್ ಅದೇ ಇರತ್ತೆ. ಹೋದ ವರ್ಷ ವಾಟ್ಸಾಪಲ್ಲಿ ಓಡಾಡಿದ ಲಿಂಕ್ ಒತ್ತಿದ್ರೂ ಈ ವರ್ಷದ ಮಾಹಿತಿನೇ ಸಿಗ್ಬೇಕು ನೋಡಿ.

ಲಿಂಕ್ ಅಂದ್ಮೇಲೆ ಇದೊಂದು ಹೇಳ್ಲೇಬೇಕು. ಬ್ಲಾಗರ್‌ನಲ್ಲಿ ತಲೆಬರಹ ಕನ್ನಡದಲ್ಲಿ ಕೊಟ್ರೆ ವಿಳಾಸದಲ್ಲಿ ಅದು ಬರಲ್ಲ, ಬರೀ ಬ್ಲಾಗ್-ಪೋಸ್ಟ್ ಅಂತ ಒಂದು ನಂಬರ್ ಜೊತೆ ಕೂರತ್ತೆ. ಪಬ್ಲಿಷ್ ಒತ್ತೋ ಮುಂಚೆ ಬಲಗಡೆ ಪರ್ಮಾಲಿಂಕ್‌ಗೆ (ಅಂದ್ರೆ ಲೇಖನದ ವಿಳಾಸ) ಹೋಗಿ ಕಸ್ಟಮ್ ಆರಿಸ್ಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಅಡಿಕೆ-ಕೊಳೆ-ರೋಗ ಅಂತ ಕೊಡಿ. ಜನ ಏನು ಹುಡುಕಿ ನಮ್ಮ ಬ್ಲಾಗಿಗೆ ಬಂದ್ರು ಅಂತ ತೋರಿಸೋ ಗೂಗಲ್ ಸರ್ಚ್ ಕನ್ಸೋಲ್ ತೆಗೆದು ನೋಡಿದ್ರೆ ಗೊತ್ತಾಗತ್ತೆ, ನಮ್ಮ ಜನ ಕನ್ನಡದಲ್ಲೂ ಹುಡುಕ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿನೂ ಹುಡುಕ್ತಾರೆ. ಕೊಳೆ ರೋಗ ತರೋ ರೋಗಾಣು ಫೈಟೋಫ್ತೊರಾ ಅಂತ ಯಾರೂ ಹುಡುಕಲ್ಲ, ಆ ಹೆಸರು ಲೇಖನದ ಒಳಗೆ ಇರ್ಲಿ, ತಲೆಬರಹಕ್ಕೆ ಬೇಡ.

ಇನ್ನು ಫೇಸ್‌ಬುಕ್ ಪೇಜು. ಪೂರ್ತಿ ಲೇಖನ ಅಲ್ಲಿ ಹಾಕಲ್ಲ, ಎರಡು ದಿನಕ್ಕೆ ಎಲ್ಲೋ ಕೆಳಗೆ ಹೋಗ್ಬಿಡತ್ತೆ, ಮುಂದಿನ ಮಳೆಗಾಲಕ್ಕೆ ಯಾರಿಗೂ ಸಿಗಲ್ಲ. ಒಂದು ಫೋಟೋ, ಒಂದು ಉಪಯೋಗದ ಮಾತು, ಲಿಂಕ್, ಅಷ್ಟೇ. ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ ಸುಣ್ಣ ಅನ್ನೋದು ಎಲ್ರಿಗೂ ಗೊತ್ತು, ಅದನ್ನ ಹಾಕಿದ್ರೆ ಯಾರೂ ನಿಲ್ಲಲ್ಲ. ಆದ್ರೆ ಕಲಸಿದ ದ್ರಾವಣದಲ್ಲಿ ಬ್ಲೇಡ್ ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಹತ್ತಿರೋ ಫೋಟೋ ಹಾಕಿ "ಹಿಂಗೆ ಬಂದ್ರೆ ಸುಣ್ಣ ಸಾಲ್ದು, ಇನ್ನೂ ಹಾಕಿ" ಅಂತ ಬರೆದಿದ್ದೆ, ಪೇಜಿನಲ್ಲಿ ಅತಿ ಹೆಚ್ಚು ಶೇರ್ ಆಗಿದ್ದು ಅದೇ. ಫೋಟೋ ಮಾತ್ರ ನಿಮ್ಮ ತೋಟದ್ದೇ ಇರ್ಬೇಕು, ನೆಟ್‌ನಿಂದ ಎತ್ತಿದ್ದನ್ನ ರೈತರು ಕಣ್ಣಲ್ಲೇ ಗುರುತು ಹಿಡೀತಾರೆ.

ವಾಟ್ಸಾಪಲ್ಲಿ ಮುಂಚೆ ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜನ್ನ ತುಂಬಾ ಜನಕ್ಕೆ ಬೇರೆಬೇರೆಯಾಗಿ ಕಳಿಸೋದು) ಇಟ್ಕೊಂಡಿದ್ದೆ, ಒಂದು ಲಿಸ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ಹೋಗೋದು. 2023ರ ಸೆಪ್ಟೆಂಬರಲ್ಲಿ ಯಾರು ಬೇಕಾದ್ರೂ ಫಾಲೋ ಮಾಡಬಹುದಾದ ವಾಟ್ಸಾಪ್ ಚಾನೆಲ್ ಬಂತಲ್ಲ, ಎಲ್ಲಾ ಅಲ್ಲಿಗೆ ಸಾಗಿಸ್ದೆ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣಲ್ಲ, ಹೆಣ್ಣುಮಕ್ಕಳೂ ಧೈರ್ಯವಾಗಿ ಸೇರ್ಕೊಂಡ್ರು, ಅದು ನಂಗೆ ತುಂಬಾ ಖುಷಿ ಕೊಟ್ಟಿದ್ದು.

ಮುಂದೆ ಏನು ಬರೀಬೇಕು ಅಂತ ಕೂತು ಯೋಚನೆ ಮಾಡೋದೇ ಇಲ್ಲ ಈಗ. ಕಲಸಿದ ಬೋರ್ಡೋ ನಾಳೆಗೆ ಇಡಬಹುದಾ ಅಂತ ಒಬ್ಬರು ಇನ್‌ಬಾಕ್ಸಲ್ಲಿ ಕೇಳಿದ್ರು, ಆ ಪ್ರಶ್ನೆನೇ ತಲೆಬರಹ ಮಾಡಿ ಇಡಬೇಡಿ, ಅವತ್ತೇ ಹೊಡೀರಿ ಅಂತ ಬರೆದೆ. ಈಚೆಗೆ ಬರೋದೆಲ್ಲ ಎಲೆಚುಕ್ಕಿ ರೋಗದ್ದೇ ಪ್ರಶ್ನೆ, ಮುಂದಿನ ಲೇಖನ ಅದ್ರದ್ದೇ, ಫೋಟೋ ತೆಗೀತಾ ಇದೀನಿ.