ಲೇಹ್‌ಗೆ ಮಗನನ್ನು ನೋಡಲು ಹೊರಟವರಿಗೆ

ನನ್ನ ಮಗ ಲಡಾಖ್‌ನಲ್ಲಿ ಸೈನಿಕ. ಅವನನ್ನು ನೋಡಲು ಮಡಿಕೇರಿಯಿಂದ ಮೂರು ಸಲ ಹೋಗಿ ಬಂದಿದ್ದೇನೆ. ಕೊಡಗಿನ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ. ಹೊರಡುವ ಮುನ್ನ ಅವರ ತಂದೆತಾಯಂದಿರು ನನ್ನನ್ನು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಟಿಕೆಟ್. ಲೇಹ್‌ನ ಕುಶೋಕ್ ಬಕುಲ ರಿಂಪೋಚೆ ವಿಮಾನ ನಿಲ್ದಾಣ 3,256 ಮೀಟರ್ ಎತ್ತರದಲ್ಲಿದೆ. ಹೊತ್ತೇರಿದಂತೆ ಕಣಿವೆಯಲ್ಲಿ ಗಾಳಿ ಬಲವಾಗುವುದರಿಂದ ಪ್ರಯಾಣಿಕರ ವಿಮಾನಗಳು ಬಹುಪಾಲು ಬೆಳಿಗ್ಗೆಯೇ ಬಂದು ಹೋಗುತ್ತವೆ. ಆದ್ದರಿಂದ ಹಿಂದಿನ ರಾತ್ರಿ ದೆಹಲಿಯಲ್ಲೇ ಉಳಿಯಿರಿ. ಮರಳುವಾಗಲೂ ದೆಹಲಿಯಲ್ಲಿ ಒಂದು ದಿನ ಬಿಟ್ಟು ಬೆಂಗಳೂರಿನ ಟಿಕೆಟ್ ಮಾಡಿಸಿ. ಚಳಿಗಾಲದಲ್ಲಿ ಹಿಮ ಅಡ್ಡಿಯಾಗುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಗಾಳಿ ಇನ್ನಷ್ಟು ತೆಳುವಾಗಿ ವಿಮಾನಕ್ಕೆ ಪೂರ್ತಿ ಭಾರ ಹೊತ್ತು ಏರಲು ಕಷ್ಟ. 2024ರ ಜುಲೈ ಕೊನೆಯಲ್ಲಿ ಈ ಕಾರಣಕ್ಕೇ ವಿಮಾನಗಳು ರದ್ದಾಗಿದ್ದವು. ನಾನು ಎರಡನೆಯ ಸಲ ಹೋದಾಗ ಲೇಹ್ ತನಕ ಹೋದ ವಿಮಾನ ಇಳಿಯಲಾಗದೆ ದೆಹಲಿಗೆ ಮರಳಿತು. ಮಗನಿಗೆ ಸಿಕ್ಕಿದ್ದ ನಾಲ್ಕು ದಿನಗಳ ರಜೆಯಲ್ಲಿ ಒಂದು ದಿನ ಹಾಗೆಯೇ ಹೋಯಿತು. ಆ ದಿನದ ಸಂಕಟವನ್ನು ನಾನು ಮರೆತಿಲ್ಲ.

ಚೀಲ ಕಟ್ಟುವಾಗ ಕಾಚಂಪುಳಿಯ (ನಮ್ಮ ಅಡುಗೆಯ ಹುಳಿರಸ) ಬಾಟಲಿಯನ್ನು ಕಂಠಮಟ್ಟ ತುಂಬಬೇಡಿ, ಎತ್ತರದಲ್ಲಿ ಸೋರುತ್ತದೆ. ಒಣ ಕೊಬ್ಬರಿ ಬೇಡವೇ ಬೇಡ; ಎಣ್ಣೆಯ ಅಂಶದಿಂದ ಬೆಂಕಿ ಹಿಡಿಯಬಹುದೆಂದು ವಿಮಾನದಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಹೊರಗಿನ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಇಲ್ಲದಿದ್ದರೆ, ಮಗ ಹೊರಗೆ ಎಲ್ಲಿ ನಿಂತಿರುತ್ತಾನೆಂದು ಮೊದಲೇ ಮಾತಾಡಿಕೊಳ್ಳಿ.

ಇನ್ನು ನಾನು ಒತ್ತಿ ಹೇಳುವ ಮಾತು. ಅಲ್ಲಿನ ರನ್‌ವೇ ವಾಯುಪಡೆಯದು. ನಾಗರಿಕ ವಿಮಾನಗಳು ಅವರ ಅನುಮತಿಯಿಂದ ಬಳಸುತ್ತವೆ. ಸ್ಪಿತುಕ್ ಗೊಂಪದ (ಬೌದ್ಧ ಮಠ) ಗುಡ್ಡ ಕಾಣುವ ಹೊತ್ತಿಗೆ ಮೊಬೈಲ್ ಚೀಲಕ್ಕೆ ಸೇರಿಬಿಡಲಿ. ಕಿಟಕಿಯ ಮುಚ್ಚಳ ಇಳಿಸಿ ಎಂದರೆ ಇಳಿಸಿ. ಮೆಟ್ಟಿಲ ಮೇಲೆ ನಿಂತು ಮನೆಯವರಿಗೆ ವಿಡಿಯೊ ಕರೆ ಮಾಡಿ ತೋರಿಸುವುದೂ ಬೇಡ. ಅಲ್ಲಿ ನಿಂತಿರುವ ದೊಡ್ಡ ಸಾಗಣೆ ವಿಮಾನಗಳೇ ರಸ್ತೆ ಮುಚ್ಚಿದ ತಿಂಗಳುಗಳಲ್ಲಿ ನಮ್ಮ ಮಕ್ಕಳಿಗೆ ಬೇಕಾದುದನ್ನು ಹೊತ್ತು ತರುವುದು. ಎಷ್ಟಿವೆ, ಎಲ್ಲಿ ನಿಂತಿವೆ ಎಂಬುದು ನಮ್ಮ ಫೋನಿನಿಂದ ಯಾರಿಗೂ ತಿಳಿಯಬಾರದು.

ಆ ನೆಲಕ್ಕೂ ನಮ್ಮೂರಿಗೂ ಹಳೆಯ ನಂಟಿದೆ. ಲಡಾಖಿನ ಇಂಜಿನಿಯರ್ ಸೋನಮ್ ನೊರ್ಬು ಊರವರನ್ನು ಕಟ್ಟಿಕೊಂಡು ಅವಸರದಲ್ಲಿ ಸಿದ್ಧಪಡಿಸಿದ ಮಣ್ಣಿನ ಪಟ್ಟಿಯ ಮೇಲೆ 1948ರ ಮೇ 24ರಂದು ವಾಯುಪಡೆಯ ಮೇಹರ್ ಸಿಂಗ್ ಡಕೋಟಾ ವಿಮಾನ ಇಳಿಸಿದರು. ಅವರೊಡನೆ ಅದರಲ್ಲಿದ್ದವರು ಮಡಿಕೇರಿಯ ಜನರಲ್ ತಿಮ್ಮಯ್ಯನವರು. ಪ್ರತಿ ಸಲ ಚಕ್ರ ನೆಲ ಮುಟ್ಟಿದಾಗ ನನಗೆ ಅವರ ನೆನಪಾಗುತ್ತದೆ.

ಇಳಿದ ಮೇಲೆ ಮಗನನ್ನು ಕಂಡೊಡನೆ ಓಡಬೇಡಿ. ಉಸಿರು ಸಿಕ್ಕಿಕೊಳ್ಳುತ್ತದೆ. ಚೀಲ ಅವನೇ ಎತ್ತಲಿ. ಎರಡು ದಿನ ಎಲ್ಲಿಗೂ ಹೋಗದೆ, ಬಿಸಿನೀರು ಕುಡಿಯುತ್ತಾ ವಿಶ್ರಾಂತಿ ತೆಗೆದುಕೊಳ್ಳಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಟಿಕೆಟ್‌ಗಿಂತ ಮೊದಲು ವೈದ್ಯರನ್ನು ಕೇಳಿ. ತಲೆನೋವು, ವಾಂತಿ ಬಂದರೆ ಮಗನಿಗೆ ಗಾಬರಿಯಾದೀತೆಂದು ಮುಚ್ಚಿಡಬೇಡಿ. ಅವನಿಗೇ ಮೊದಲು ಹೇಳಿ.