ಒಂಬತ್ತು ದಿನ, ಮೂರು ಊರು: ಮೊದಲ ವಿದೇಶ ಪ್ರವಾಸಕ್ಕೆ ಸಿದ್ಧತೆ ಹೇಗೆ?

ಒಂದೇ ದಿನದಲ್ಲಿ ಮೈಸೂರು ನೋಡಿ ಮುಗಿಸಲು ಬರುವವರನ್ನು ನಾವೆಲ್ಲ ಕಂಡಿದ್ದೇವೆ. ಬೆಳಿಗ್ಗೆ ಶ್ರೀರಂಗಪಟ್ಟಣ, ಹತ್ತು ಗಂಟೆಗೆ ಚಾಮುಂಡಿಬೆಟ್ಟ, ಊಟಕ್ಕೆ ಮೊದಲು ಅರಮನೆ, ಊಟವಾದ ಮೇಲೆ ಮೃಗಾಲಯ, ಕತ್ತಲಾಗುವ ಹೊತ್ತಿಗೆ ಕೆ.ಆರ್.ಎಸ್. ಕಾರಂಜಿ, ರಾತ್ರಿಯೇ ವಾಪಸ್ಸು. ಟೆಂಪೊ ಟ್ರಾವೆಲರ್‌ನಿಂದ ಇಳಿದು, ಫೋಟೊ ತೆಗೆಸಿಕೊಂಡು, ಮತ್ತೆ ಓಡಿ ಹತ್ತುವ ಅವರನ್ನು ನೋಡಿ ‘ಪಾಪ, ಏನು ಕಂಡರೋ’ ಎಂದು ನಗುವ ನಾವೇ ಮೊದಲ ವಿದೇಶ ಪ್ರವಾಸದ ಪಟ್ಟಿ ಹಾಕಲು ಕುಳಿತಾಗ ಅವರನ್ನೂ ಮೀರಿಸುತ್ತೇವೆ. ಮಂಡ್ಯದಲ್ಲಿರುವ ನನ್ನ ಭಾವ ತಂದು ತೋರಿಸಿದ ಕಾಗದದಲ್ಲಿ ಒಂಬತ್ತು ದಿನಗಳಿಗೆ ಏಳು ಊರುಗಳಿದ್ದವು: ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಲೂಸರ್ನ್, ವೆನಿಸ್, ಫ್ಲಾರೆನ್ಸ್ ಮತ್ತು ರೋಮ್. ‘ಅಷ್ಟು ದುಡ್ಡು ಸುರಿದು ಹೋಗಿ ಲಂಡನ್ ನೋಡದೆ ಬರೋದಾ?’ ಎಂಬುದು ಅವರ ವಾದ. ಆ ಏಳು ಊರುಗಳು ಮೂರಕ್ಕೆ ಇಳಿದ ಬಗೆಯನ್ನೇ ಉದಾಹರಣೆಯಾಗಿಟ್ಟುಕೊಂಡು, ನೌಕರಿಯಲ್ಲಿರುವ ಒಂದು ಕುಟುಂಬ ಐದೇ ದಿನಗಳ ರಜೆಯಲ್ಲಿ ಇಂಥ ಪ್ರವಾಸವನ್ನು ಹೇಗೆ ಹೊಂದಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ನೀವು ಯೂರೋಪಿನ ಬದಲು ಜಪಾನಿಗೋ ವಿಯೆಟ್ನಾಮಿಗೋ ಹೊರಟರೂ ಲೆಕ್ಕ ಹಾಕುವ ಕ್ರಮ ಇದೇ.

ರಾತ್ರಿಗಳ ಲೆಕ್ಕ

ಮೊದಲು ಕ್ಯಾಲೆಂಡರ್ ತೆಗೆದು ವಿದೇಶದಲ್ಲಿ ಮಲಗುವ ರಾತ್ರಿಗಳು ಎಷ್ಟೆಂದು ಎಣಿಸಿ. ಸೋಮವಾರದಿಂದ ಶುಕ್ರವಾರದವರೆಗಿನ ಐದು ದಿನಗಳ ರಜೆಗೆ ಹಿಂದಿನ ಮತ್ತು ಮುಂದಿನ ಶನಿವಾರ-ಭಾನುವಾರಗಳನ್ನು ಸೇರಿಸಿದರೆ ಒಂಬತ್ತು ದಿನಗಳಾಗುತ್ತವೆ. ಆದರೆ ಮೊದಲ ಶನಿವಾರದ ಒಂದು ಭಾಗ ವಿಮಾನದಲ್ಲಿ ಕಳೆಯುತ್ತದೆ, ಕೊನೆಯ ಶನಿವಾರ ಅಲ್ಲಿಂದ ಹೊರಟರೆ ಮಾತ್ರ ಭಾನುವಾರ ಮನೆ ಸೇರಿ ಸೋಮವಾರ ಕಚೇರಿಗೆ ಹೋಗಲು ಸಾಧ್ಯ. ಹೀಗಾಗಿ ಕೈಗೆ ಸಿಗುವುದು ಏಳು ರಾತ್ರಿಗಳು.

ಇನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ತಗಲುವ ಸಮಯ. ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ಯಾರಿಸ್ಸಿಗೆ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ 20 ನಿಮಿಷ ಎಂದು ವೇಳಾಪಟ್ಟಿ ಹೇಳುತ್ತದೆ. ಪೆಟ್ಟಿಗೆ ಕಟ್ಟಿ, ಹೋಟೆಲಿನ ಕೋಣೆ ಬಿಟ್ಟು, ನಿಲ್ದಾಣಕ್ಕೆ ಹೋಗಿ, ಆಚೆ ಇಳಿದು, ಹೊಸ ಊರಿನ ಮೆಟ್ರೊ ಅರ್ಥ ಮಾಡಿಕೊಂಡು, ಮಧ್ಯಾಹ್ನದ ಮೇಲಷ್ಟೇ ಸಿಗುವ ಕೋಣೆಗಾಗಿ ಕಾಯುವುದನ್ನು ವೇಳಾಪಟ್ಟಿ ಹೇಳುವುದಿಲ್ಲ. ಒಮ್ಮೆ ಊರು ಬದಲಿಸಿದರೆ ಕನಿಷ್ಠ ಅರ್ಧ ದಿನ ಹೋಯಿತೆಂದೇ ಬರೆದುಕೊಳ್ಳಿ. ಏಳು ಊರುಗಳೆಂದರೆ ಆರು ಬದಲಾವಣೆ, ಅಂದರೆ ಮೂರು ದಿನ ಬರೀ ಲಗೇಜು ಹೊತ್ತು ತಿರುಗಿದ ಹಾಗೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆಯೇ ಭಾವ ಪೆನ್ನು ತೆಗೆದುಕೊಂಡು ಹೆಸರುಗಳನ್ನು ಹೊಡೆದುಹಾಕಲು ಒಪ್ಪಿದ್ದು. ನನ್ನ ಅಭಿಪ್ರಾಯದಲ್ಲಿ ಏಳು ರಾತ್ರಿಗಳಿಗೆ ಮೂರು ಊರು ಮಿತಿ. ವಯಸ್ಸಾದ ತಂದೆ-ತಾಯಿ ಜೊತೆಗಿದ್ದರೆ ಎರಡೇ ಸಾಕು.

ಯಾವ ಮೂರು ಎಂಬುದನ್ನು ತೀರ್ಮಾನಿಸಲು ಅವರ ಮನೆಯಲ್ಲಿ ಅನುಸರಿಸಿದ ಕ್ರಮ ಸರಳವಾಗಿತ್ತು: ಪ್ರತಿಯೊಬ್ಬರೂ ಇದನ್ನು ನೋಡದಿದ್ದರೆ ಹೋಗುವುದೇ ಬೇಡ ಎನ್ನುವ ಒಂದೇ ಒಂದು ಜಾಗದ ಹೆಸರು ಹೇಳಬೇಕು. ಭಾವ ಐಫೆಲ್ ಗೋಪುರ ಎಂದರು, ಅಕ್ಕ ಹಿಮದ ಬೆಟ್ಟ ಎಂದಳು, ಶಾಲೆಯಲ್ಲಿ ಆನ್ ಫ್ರಾಂಕ್‌ಳ ಕಥೆ ಓದಿದ್ದ ಅವರ ಮಗಳು ನಾಜಿಗಳಿಗೆ ಹೆದರಿ ಆ ಹುಡುಗಿ ಅಡಗಿ ಕುಳಿತಿದ್ದ ಆಮ್‌ಸ್ಟರ್‌ಡ್ಯಾಮ್‌ನ ಮನೆ ಎಂದಳು. ಆಮ್‌ಸ್ಟರ್‌ಡ್ಯಾಮ್ ಎರಡು ರಾತ್ರಿ, ಪ್ಯಾರಿಸ್ ಮೂರು ರಾತ್ರಿ, ಸ್ವಿಟ್ಜರ್‌ಲ್ಯಾಂಡಿನ ಲೂಸರ್ನ್ ಎರಡು ರಾತ್ರಿ ಎಂಬ ಯೋಜನೆ ರೂಪುಗೊಂಡದ್ದು ಹೀಗೆ. ಭಾವನ ಲಂಡನ್ ಆಸೆ ಬೇರೊಂದು ಕಾರಣಕ್ಕೂ ಕೈಬಿಡಬೇಕಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಹೋದ ದಾರಿಯಲ್ಲೇ ಮರಳಬೇಡಿ

ಹೋಗುವುದೂ ಬರುವುದೂ ಒಂದೇ ಊರಿನಿಂದ ಎಂಬ ರೂಢಿಯ ಟಿಕೆಟ್ ಕೊಂಡರೆ ಲೂಸರ್ನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಮರಳುವುದಕ್ಕೇ ಇಡೀ ಒಂದು ದಿನ ಬೇಕು. ಟಿಕೆಟ್ ಕೊಳ್ಳುವ ಜಾಲತಾಣಗಳಲ್ಲಿ ‘ಮಲ್ಟಿ-ಸಿಟಿ’ ಎಂಬ ಆಯ್ಕೆಯಿರುತ್ತದೆ. ಅದರಲ್ಲಿ ಹೋಗುವಾಗ ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್, ಬರುವಾಗ ಜ್ಯೂರಿಕ್‌ನಿಂದ ಬೆಂಗಳೂರು ಎಂದು ಒಂದೇ ಟಿಕೆಟ್ಟಿನಲ್ಲಿ ಕೇಳಬಹುದು. ಎರಡು ಬಿಡಿ ಟಿಕೆಟ್‌ಗಳನ್ನು ಕೊಳ್ಳುವುದಕ್ಕಿಂತ ಇದು ಸಾಮಾನ್ಯವಾಗಿ ಅಗ್ಗ. ನಡುವೆ ವಿಮಾನ ಬದಲಿಸಬೇಕಾದಲ್ಲಿ ಮೊದಲ ವಿಮಾನ ತಡವಾದರೂ, ಎಲ್ಲವೂ ಒಂದೇ ಟಿಕೆಟ್ಟಿನಲ್ಲಿದ್ದರೆ, ಮುಂದಿನ ವ್ಯವಸ್ಥೆ ವಿಮಾನ ಸಂಸ್ಥೆಯ ಹೊಣೆ. ಬಿಡಿ ಟಿಕೆಟ್‌ಗಳಾದರೆ ಆ ಹೊಣೆ ನಿಮ್ಮದು.

ಊರುಗಳ ನಡುವೆ ರೈಲೇ ಉತ್ತಮ. ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ನೇರ ಟಿ.ಜಿ.ವಿ. ರೈಲು ಸುಮಾರು ನಾಲ್ಕು ಗಂಟೆಯ ದಾರಿ, ಅಲ್ಲಿಂದ ಲೂಸರ್ನ್‌ಗೆ ಒಂದು ಗಂಟೆಯೂ ಬೇಡ. ಈ ವೇಗದ ರೈಲುಗಳ ದರ ವಿಮಾನದ ದರದಂತೆಯೇ ದಿನ ಹತ್ತಿರವಾದಂತೆ ಏರುವುದರಿಂದ ಎರಡು-ಮೂರು ತಿಂಗಳು ಮೊದಲೇ ಕೊಳ್ಳಬೇಕು. ನಮ್ಮಲ್ಲಿಯಂತೆ ಪೋರ್ಟರುಗಳು ಸಿಗುವರೆಂದು ನಂಬಬೇಡಿ; ಒಬ್ಬರಿಗೆ ಒಂದೇ ಪೆಟ್ಟಿಗೆ, ಅದೂ ತಾವೇ ಎತ್ತಿ ಮೆಟ್ಟಿಲು ಹತ್ತಬಹುದಾದಷ್ಟು ತೂಕದ್ದು. ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆ ದಂಡೆಯ ಹಳೆಯ ಮನೆಗಳ ಮೆಟ್ಟಿಲುಗಳು ನಮ್ಮ ಅಟ್ಟದ ಏಣಿಯಷ್ಟೇ ಕಡಿದಾಗಿರುತ್ತವೆ, ಆದ್ದರಿಂದ ಅಲ್ಲಿ ಕೋಣೆ ಕಾದಿರಿಸುವ ಮುನ್ನ ಲಿಫ್ಟ್ ಇದೆಯೇ ಎಂದು ನೋಡಿ.

ಪಾಸ್‌ಪೋರ್ಟ್ ಮತ್ತು ವೀಸಾ

ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಅಲೆಯುವ ಕಾಲ ಮುಗಿದಿದೆ. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಆರಂಭವಾದ ಎರಡು ಊರುಗಳಲ್ಲಿ ಮೈಸೂರು ಒಂದು. ಇನ್ನೊಂದು ಗುಜರಾತಿನ ದಾಹೋದ್. ವಯಸ್ಕರ ಸಾಮಾನ್ಯ 36 ಪುಟಗಳ ಪಾಸ್‌ಪೋರ್ಟಿಗೆ 1,500 ರೂಪಾಯಿ ಶುಲ್ಕ. ನಮ್ಮ ಕಡೆಯವರು ಇಲ್ಲಿ ಎಡವುವುದು ಹೆಸರಿನಲ್ಲಿ. ಊರು, ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಬರೆಯುವುದು ನಮ್ಮ ರೂಢಿ, ಆದರೆ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕು. ಆಧಾರ್‌ನಲ್ಲಿ ಒಂದು ಬಗೆ, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ ಇದ್ದರೆ ಮೊದಲೇ ಸರಿಪಡಿಸಿಕೊಳ್ಳಿ. ವಿಮಾನದ ಟಿಕೆಟ್, ವಿಮೆ, ಹೋಟೆಲ್ ಎಲ್ಲವೂ ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ಇರಬೇಕು.

ನೆದರ್‌ಲ್ಯಾಂಡ್ಸ್, ಫ್ರಾನ್ಸ್, ಸ್ವಿಟ್ಜರ್‌ಲ್ಯಾಂಡ್ ಮೂರೂ ಷೆಂಗೆನ್ ಎಂಬ 29 ದೇಶಗಳ ಒಕ್ಕೂಟಕ್ಕೆ ಸೇರಿರುವುದರಿಂದ ಒಂದೇ ವೀಸಾ ಸಾಕು. ಬ್ರಿಟನ್ ಅದರಲ್ಲಿ ಇಲ್ಲ. ಪ್ಯಾರಿಸ್‌ನಿಂದ ಲಂಡನ್‌ಗೆ ರೈಲಿನಲ್ಲಿ ಎರಡೂಕಾಲು ಗಂಟೆಯಷ್ಟೇ ಎಂಬುದು ನಿಜ, ಆದರೆ ಆ ಎರಡೂಕಾಲು ಗಂಟೆಗಾಗಿ ಪ್ರತ್ಯೇಕ ವೀಸಾ, ಪ್ರತ್ಯೇಕ ಶುಲ್ಕ, ಪ್ರತ್ಯೇಕ ಅರ್ಜಿ ಬೇಕು, ಮತ್ತು ಒಂದು ಅರ್ಜಿಯ ಜೊತೆ ಪಾಸ್‌ಪೋರ್ಟ್ ಹೋಗಿರುವಾಗ ಇನ್ನೊಂದನ್ನು ಹಾಕುವುದು ಕಷ್ಟ. ಭಾವ ಲಂಡನ್ ಬಿಟ್ಟದ್ದು ಇದಕ್ಕೇ.

ಷೆಂಗೆನ್ ವೀಸಾಕ್ಕೆ ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂಬ ಗೊಂದಲ ಬಹಳ ಜನರಿಗಿದೆ. ಹೆಚ್ಚು ದಿನ ತಂಗುವ ದೇಶಕ್ಕೆ ಹಾಕಬೇಕು. ಎಲ್ಲ ಕಡೆ ಸಮಾನ ದಿನಗಳಾದರೆ ಮೊದಲು ಪ್ರವೇಶಿಸುವ ದೇಶಕ್ಕೆ. ನಮ್ಮ ಉದಾಹರಣೆಯಲ್ಲಿ ಇಳಿಯುವುದು ನೆದರ್‌ಲ್ಯಾಂಡ್ಸ್‌ನಲ್ಲಾದರೂ ಹೆಚ್ಚು ರಾತ್ರಿಗಳು ಪ್ಯಾರಿಸ್ಸಿನಲ್ಲಿ, ಆದ್ದರಿಂದ ಅರ್ಜಿ ಫ್ರಾನ್ಸಿಗೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು, ಕೊನೆಯ ಗಡುವು 15 ದಿನ ಮೊದಲು. ಆದರೆ ಏಪ್ರಿಲ್-ಮೇ ತಿಂಗಳ ಶಾಲಾ ರಜೆಗೆ ಹೊರಡುವವರು ಜನವರಿಯಲ್ಲೇ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳುವುದು ಕ್ಷೇಮ. ಬೆರಳಚ್ಚು ಕೊಡಬೇಕಾದ್ದರಿಂದ ಖುದ್ದಾಗಿ ಹೋಗಲೇಬೇಕು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೊ. ಕೇಂದ್ರದ ಸೇವಾಶುಲ್ಕ ಬೇರೆ. ಕಚೇರಿಯಿಂದ ರಜೆ ಮಂಜೂರಾತಿ ಪತ್ರ, ಬ್ಯಾಂಕ್ ಖಾತೆಯ ವಿವರ, ಆದಾಯ ತೆರಿಗೆ ವಿವರ, ಪ್ರತಿ ರಾತ್ರಿ ಎಲ್ಲಿ ತಂಗುವಿರಿ ಎಂಬುದಕ್ಕೆ ಪುರಾವೆ, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇವು ಮುಖ್ಯ ದಾಖಲೆಗಳು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿದ್ದು, ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಅರ್ಜಿ ಪರಿಶೀಲನೆಗೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನಗಳವರೆಗೂ ಬೇಕಾಗುತ್ತದೆ. ವೀಸಾ ಕೈಗೆ ಬರುವವರೆಗೆ ಹೋಟೆಲುಗಳನ್ನು ರದ್ದುಮಾಡಬಹುದಾದ ಷರತ್ತಿನ ಮೇಲೆಯೇ ಕಾದಿರಿಸಿ, ನೂರು-ಇನ್ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ.

ವಾರದ ದಿನಗಳನ್ನು ನೋಡಿಕೊಳ್ಳಿ

ನಮ್ಮ ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ. ಅದು ತಿಳಿಯದೆ ಮಂಗಳವಾರ ಬಂದು ಗೇಟಿನ ಮುಂದೆ ಮಕ್ಕಳನ್ನು ಸಮಾಧಾನಪಡಿಸುವ ಪರಊರಿನವರನ್ನು ಎಷ್ಟೋ ಸಲ ನೋಡಿದ್ದೇನೆ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯಕ್ಕೂ ಮಂಗಳವಾರವೇ ರಜೆ. ಶನಿವಾರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದವರು ಸೋಮವಾರ ಮಧ್ಯಾಹ್ನ ಪ್ಯಾರಿಸ್ ಸೇರುತ್ತಾರೆ, ಮರುದಿನ ಮಂಗಳವಾರ. ಇದನ್ನು ನೋಡದೆ ಮೊದಲ ದಿನವೇ ಲೂವ್ರ್ ಎಂದು ಬರೆದುಕೊಂಡರೆ ಕೆಟ್ಟಿತು. ಮಂಗಳವಾರ ಓರ್ಸೆ ವಸ್ತುಸಂಗ್ರಹಾಲಯ (ಅದಕ್ಕೆ ಸೋಮವಾರ ರಜೆ), ಸೇನ್ ನದಿಯ ದಂಡೆ ಮತ್ತು ಐಫೆಲ್ ಗೋಪುರ, ಬುಧವಾರ ಲೂವ್ರ್ ಎಂದು ಬದಲಿಸಿಕೊಂಡರಾಯಿತು. ಬುಧವಾರ ಮತ್ತು ಶುಕ್ರವಾರ ಲೂವ್ರ್ ರಾತ್ರಿ ಒಂಬತ್ತರವರೆಗೂ ತೆರೆದಿರುವುದರಿಂದ ಬೆಳಿಗ್ಗೆಯನ್ನು ಬೇರೆ ಸುತ್ತಾಟಕ್ಕೆ ಉಳಿಸಿಕೊಳ್ಳಬಹುದು.

ಹೋದ ಮೇಲೆ ಸಾಲಿನಲ್ಲಿ ನಿಂತು ಟಿಕೆಟ್ ಕೊಂಡರಾಯಿತು ಎಂಬ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಆನ್ ಫ್ರಾಂಕ್ ಮನೆಯ ಟಿಕೆಟ್‌ಗಳು ಆನ್‌ಲೈನ್‌ನಲ್ಲಿ ಮಾತ್ರ, ಪ್ರತಿ ಮಂಗಳವಾರ, ಆರು ವಾರಗಳ ನಂತರದ ಭೇಟಿಗಾಗಿ ಬಿಡುಗಡೆಯಾಗುತ್ತವೆ ಮತ್ತು ಬೇಗನೆ ಮುಗಿದುಹೋಗುತ್ತವೆ. ಐಫೆಲ್ ಗೋಪುರದ ಲಿಫ್ಟ್ ಟಿಕೆಟ್ 60 ದಿನ ಮೊದಲಿನಿಂದ ಸಿಗುತ್ತದೆ. ಈ ಎರಡು ದಿನಾಂಕಗಳನ್ನು ಫೋನಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಏಪ್ರಿಲ್ ತಿಂಗಳಾದರೆ ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಲಿಸ್ಸೆ ಎಂಬಲ್ಲಿ ಕ್ಯೂಕೆನ್‌ಹಾಫ್ ಟ್ಯುಲಿಪ್ ತೋಟ ತೆರೆದಿರುತ್ತದೆ. ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ. ಭಾನುವಾರ ಬೆಳಿಗ್ಗೆ ಎಂಟಕ್ಕೇ ಅಲ್ಲಿರುವುದು ನಮಗೆ ಸುಲಭ, ಏಕೆಂದರೆ ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದಿರುವುದರಿಂದ ಮೊದಲೆರಡು ದಿನ ನಸುಕಿನಲ್ಲೇ ಎಚ್ಚರವಾಗುತ್ತದೆ. ಅದೇ ಕಾರಣಕ್ಕೆ ರಾತ್ರಿಯ ಕಾರ್ಯಕ್ರಮ ಯಾವುದನ್ನೂ ಮೊದಲ ದಿನ ಇಟ್ಟುಕೊಳ್ಳಬೇಡಿ. ಏಪ್ರಿಲ್ 27 ಅಲ್ಲಿ ರಾಜನ ಹುಟ್ಟುಹಬ್ಬ. ಊರಿಗೆ ಊರೇ ಬೀದಿಯಲ್ಲಿರುತ್ತದೆ, ದಸರಾ ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಪೆಟ್ಟಿಗೆ ಎಳೆದುಕೊಂಡು ಹೋಟೆಲ್ ಹುಡುಕುವುದನ್ನು ಊಹಿಸಿಕೊಂಡರೆ ಸಾಕು. ಮೇ ಒಂದರಂದು ಲೂವ್ರ್ ಮುಚ್ಚಿರುತ್ತದೆ.

ಲೂಸರ್ನ್‌ನಲ್ಲಿ ಕೈಯಲ್ಲಿರುವ ಪೂರ್ಣ ದಿನ ಶುಕ್ರವಾರ ಒಂದೇ. ಒಂದೇ ಬೆಟ್ಟ ಆರಿಸಿ. ಅಕ್ಕನಂತೆ ಹಿಮವೇ ಬೇಕೆನ್ನುವವರು ಎಂಗೆಲ್‌ಬರ್ಗ್‌ಗೆ ರೈಲಿನಲ್ಲಿ ಹೋಗಿ ಟಿಟ್ಲಿಸ್ ಹತ್ತಬಹುದು. ನನ್ನನ್ನು ಕೇಳಿದರೆ ರೀಗಿ ಮೇಲು: ದೋಣಿಯಲ್ಲಿ ಸರೋವರ ದಾಟಿ ವಿಟ್ಸ್‌ನೌ ಸೇರಿ, 1871ರಲ್ಲಿ ಆರಂಭವಾದ, ಯೂರೋಪಿನ ಮೊದಲ ಬೆಟ್ಟದ ರೈಲನ್ನು ಹತ್ತುವುದೇ ಒಂದು ಸೊಗಸು. ಯಾವುದಾದರೂ ಸರಿ, ಟಿಕೆಟ್ ಕೊಳ್ಳುವ ಮುನ್ನ ತುದಿಯಲ್ಲಿ ಮೋಡವಿದೆಯೇ ಎಂಬುದನ್ನು ಅವರ ವೆಬ್‌ಕ್ಯಾಮೆರಾದಲ್ಲಿ ನೋಡಿ. ಈ ಟಿಕೆಟನ್ನು ಮಾತ್ರ ಊರಲ್ಲೇ ಕೊಂಡಿಟ್ಟುಕೊಳ್ಳಬೇಡಿ.

ಹಣ ಮತ್ತು ಊಟ

ನಮ್ಮ ಡೆಬಿಟ್, ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಬಳಕೆಯನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಬೇಕು. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಪಾವತಿಸುವಿರಾ’ ಎಂದು ಕೇಳಿದರೆ ಬೇಡವೆಂದು ಯೂರೊವನ್ನೇ ಒತ್ತಿ, ರೂಪಾಯಿಗೆ ಅವರು ಹಾಕುವ ದರ ದುಬಾರಿ. ಸ್ವಿಟ್ಜರ್‌ಲ್ಯಾಂಡಿನ ಹಣ ಫ್ರಾಂಕ್, ಯೂರೊ ಅಲ್ಲ. ಪ್ರವಾಸ ಸಂಸ್ಥೆಯ ಪ್ಯಾಕೇಜ್ ಕೊಂಡರೆ ಬಿಲ್ಲಿಗೆ ಟಿ.ಸಿ.ಎಸ್. (ಮಾರುವವರೇ ಮೊದಲೇ ವಸೂಲು ಮಾಡುವ ತೆರಿಗೆ) ಸೇರುತ್ತದೆ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.

ಚಟ್ನಿಪುಡಿ, ಗೊಜ್ಜವಲಕ್ಕಿಯ ಪುಡಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಪೇಡೆ, ಹಸಿ ಕರಿಬೇವು ಬೇಡ; ಹೊರಗಿನಿಂದ ಹಾಲಿನ ಉತ್ಪನ್ನಗಳನ್ನು ತರುವುದನ್ನು ಯೂರೋಪಿಯನ್ ಒಕ್ಕೂಟ ನಿಷೇಧಿಸಿದೆ, ಹಸಿ ಸೊಪ್ಪಿಗೆ ಪ್ರಮಾಣಪತ್ರ ಕೇಳುತ್ತದೆ.

ದೇವನಹಳ್ಳಿಯವರೆಗಿನ ದಾರಿ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ವಿಮಾನವಿಲ್ಲವಾದ್ದರಿಂದ ಪ್ರವಾಸದ ಮೊದಲ ಹಂತ ದೇವನಹಳ್ಳಿ. ಯೂರೋಪಿನ ಕಡೆಯ ವಿಮಾನಗಳಲ್ಲಿ ಹಲವು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟ್ಟಿನಲ್ಲಿ ‘ಶನಿವಾರ 02:00’ ಎಂದಿದ್ದರೆ ಮನೆ ಬಿಡಬೇಕಾದದ್ದು ಶುಕ್ರವಾರ ಸಂಜೆ. ಶನಿವಾರ ರಾತ್ರಿ ಪೆಟ್ಟಿಗೆ ಸಮೇತ ಹೋಗಿ ನಿಂತವರೂ ಇದ್ದಾರೆ. ಮೂರು ಗಂಟೆ ಮುಂಚೆ, ಅಂದರೆ ರಾತ್ರಿ ಹನ್ನೊಂದಕ್ಕೆ, ನಿಲ್ದಾಣದಲ್ಲಿರಬೇಕು. ಹೆದ್ದಾರಿ ಆದ ಮೇಲೆ ಕೆಂಗೇರಿಯವರೆಗೆ ಹೋಗುವುದು ತೊಂದರೆಯಿಲ್ಲ, ಆದರೆ ಶುಕ್ರವಾರ ಸಂಜೆ ಅಲ್ಲಿಂದ ಮುಂದಿನ ಬೆಂಗಳೂರು ಇನ್ನೊಂದು ಪ್ರಯಾಣ. ಮೈಸೂರಿನವರು ಸಂಜೆ ಐದರೊಳಗಿನ ಕೆ.ಎಸ್.ಆರ್.ಟಿ.ಸಿ. ಫ್ಲೈಬಸ್ ಹಿಡಿಯುವುದು ಒಳ್ಳೆಯದು, ಅಂದರೆ ಶುಕ್ರವಾರ ಕಚೇರಿಯಲ್ಲಿ ಅರ್ಧ ದಿನದ ರಜೆಯನ್ನೂ ಕೇಳಿಟ್ಟುಕೊಳ್ಳಬೇಕು.

2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಹೊರದೇಶದವರ ಬೆರಳಚ್ಚು ಮತ್ತು ಭಾವಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಬಂದಿದೆ. ಮೊದಲ ಸಲ ಹೋಗುವವರಿಗೆ ಸಾಲಿನಲ್ಲಿ ಸಮಯ ಹಿಡಿಯಬಹುದಾದ್ದರಿಂದ, ಇಳಿದ ಎರಡೇ ಗಂಟೆಯೊಳಗೆ ಹೊರಡುವ ರೈಲು ಅಥವಾ ನಿಗದಿತ ಸಮಯದ ಟಿಕೆಟ್ ಯಾವುದನ್ನೂ ಕೊಂಡಿರಬೇಡಿ.

ಕೊನೆಯ ಶನಿವಾರ ಲೂಸರ್ನ್‌ನಿಂದ ಜ್ಯೂರಿಕ್ ವಿಮಾನ ನಿಲ್ದಾಣಕ್ಕೆ ನೇರ ರೈಲಿದೆ, ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ಭಾನುವಾರ ಮರಳುವ ಫ್ಲೈಬಸ್‌ಗೆ ಟಿಕೆಟ್ ಮುಂಚಿತವಾಗಿ ಕೊಳ್ಳುವುದಾದರೆ ವಿಮಾನ ಇಳಿಯುವ ಸಮಯಕ್ಕೂ ಬಸ್ಸಿಗೂ ನಡುವೆ ಎರಡು ಗಂಟೆ ಬಿಡಿ. ವಿಮಾನ ತಡವಾದರೂ ಪೆಟ್ಟಿಗೆ ತಡವಾದರೂ ಆ ಎರಡು ಗಂಟೆ ಸಾಕಾಗುತ್ತದೆ, ಬೇಗ ಮುಗಿದರೆ ನಿಲ್ದಾಣದ ಹೊರಗೆ ಒಂದು ಲೋಟ ಫಿಲ್ಟರ್ ಕಾಫಿಗೆ ಹೊತ್ತು ಸಿಗುತ್ತದೆ.